ವೈನಿಯ ಗರ್ಭಕೋಶದ ಗಡ್ಡೆ: ವರದಿಯಲ್ಲಿ ಖಚಿತವಾಗಿ ಏನೂ ಹೇಳಿಲ್ಲ, ಮುಂದೇನು ಮಾಡಬೇಕು?

ಮುಧೋಳದ ಮೈದುನ

ಎಲ್ಲರಿಗೂ ನಮಸ್ಕಾರ. ನಮ್ಮ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, 44 ವರ್ಷ. ಬಹಳ ದಿನಗಳಿಂದ ಮುಟ್ಟಿನಲ್ಲಿ ವಿಪರೀತ ರಕ್ತಸ್ರಾವ ಇತ್ತು, ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ಸ್ಕ್ಯಾನಿಂಗ್‌ನಲ್ಲಿ ಎಂಟು ಸೆಂಟಿಮೀಟರಿನ ಫೈಬ್ರಾಯ್ಡ್ ಎಂದರು. ನಮ್ಮ ಭಾಗದ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದರು. ವಯಸ್ಸು ಚಿಕ್ಕದೆಂದು ಅಂಡಾಶಯಗಳನ್ನು ಉಳಿಸಿದ್ದಾರೆ.

ಈಗ ಲ್ಯಾಬಿನ ವರದಿ ಬಂದಿದೆ. ಅದರಲ್ಲಿ ಇರುವುದು ಇಷ್ಟು: ಕೋಶಗಳು ದಟ್ಟವಾಗಿರುವ ಸ್ಪಿಂಡಲ್ ಸೆಲ್ (ಕದಿರಿನಾಕಾರದ ಕೋಶಗಳ) ಗಡ್ಡೆ, ಸೆಲ್ಯುಲಾರ್ ಲಿಯೋಮಯೋಮಾ ಇರಬಹುದು, ಎಂಡೊಮೆಟ್ರಿಯಲ್ ಸ್ಟ್ರೋಮಲ್ ಗಡ್ಡೆಯನ್ನು ತಳ್ಳಿಹಾಕಲಾಗದು, ಐಎಚ್‌ಸಿ ಎಂಬ ಇನ್ನೊಂದು ಪರೀಕ್ಷೆ ಮಾಡಿಸುವುದು ಸೂಕ್ತ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ವರದಿ ನೋಡಿ, ಗಡ್ಡೆ ಹೋಯಿತಲ್ಲ, ಚಿಂತೆ ಬೇಡ ಎಂದರು. ನಮ್ಮ ಕಾಕಾ ಮಿರಜ್‌ಗೆ ಕರೆದುಕೊಂಡು ಹೋಗಿ ಎನ್ನುತ್ತಾರೆ. ಅಣ್ಣನ ಸ್ನೇಹಿತರು ಹುಬ್ಬಳ್ಳಿ ಎನ್ನುತ್ತಾರೆ. ವೈನಿಗೆ ನಾವು ಇನ್ನೂ ಪೂರ್ತಿ ಹೇಳಿಲ್ಲ. ಇದು ಕ್ಯಾನ್ಸರೋ ಅಲ್ಲವೋ? ಯಾರಾದರೂ ತಿಳಿದವರು ಬಿಡಿಸಿ ಹೇಳಿ.

ಗುಮ್ಮಟದ ನೆರಳು

ಮೈದುನರೇ, ಲ್ಯಾಬಿನವರು ಹೀಗೆ ಎರಡೂ ಕಡೆ ಕಾಲಿಟ್ಟು ಬರೆಯುವುದು ಹೊಸತಲ್ಲ. ನಾಳೆ ಏನಾದರೂ ಆದರೆ ತಮ್ಮ ತಲೆಗೆ ಬರಬಾರದು, ಅಷ್ಟೇ. ಇನ್ನೊಂದು ಲ್ಯಾಬಿಗೆ ಕೊಟ್ಟರೆ ಇನ್ನೊಂದು ಹೆಸರು ಬರೆಯುತ್ತಾರೆ, ಇನ್ನೊಂದು ಬಿಲ್ಲು ಹಾಕುತ್ತಾರೆ. ಗರ್ಭಕೋಶವೇ ಹೋದ ಮೇಲೆ ಯಾವ ಹೆಸರಾದರೇನು?

ಮಸೂರ

ಗುಮ್ಮಟದವರೇ, ಹೆಸರು ಯಾವುದಾದರೇನು ಎಂಬ ಮಾತನ್ನು ದಯವಿಟ್ಟು ಇಲ್ಲಿಗೇ ಬಿಡಿ. ನಾನು ವಿಜಯಪುರದಲ್ಲಿ ಪೆಥಾಲಜಿ ಕಲಿಸುವವನು, ಇಂಥ ಸ್ಲೈಡುಗಳನ್ನು ನೋಡುವುದೇ ನನ್ನ ಕೆಲಸ. ಆ ವರದಿ ಬರೆದವರು ತಲೆ ತಪ್ಪಿಸಿಕೊಂಡಿಲ್ಲ. ಸಾಮಾನ್ಯ ಬಣ್ಣದಲ್ಲಿ ನೋಡಿದಾಗ ಈ ಎರಡು ಗಡ್ಡೆಗಳು ಅನುಭವಸ್ಥರನ್ನೂ ಗೊಂದಲಕ್ಕೆ ಕೆಡಹುತ್ತವೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆದ ಆ ಲ್ಯಾಬಿನವರ ಮೇಲೆ ನನಗೆ ಗೌರವ ಬಂತು.

ಮೈದುನರೇ, ಗರ್ಭಕೋಶದ ಗೋಡೆ ಸ್ನಾಯುವಿನದು, ಒಳಗೆ ಒಂದು ಪೊರೆ. ಸ್ನಾಯುವಿನಿಂದ ಹುಟ್ಟುವ ಸಾಧು (ಕ್ಯಾನ್ಸರ್ ಅಲ್ಲದ) ಗಡ್ಡೆಯೇ ಫೈಬ್ರಾಯ್ಡ್, ವೈದ್ಯರ ಬಾಯಲ್ಲಿ ಲಿಯೋಮಯೋಮಾ. ಐವತ್ತರ ವಯಸ್ಸಿಗೆ ಬರುವಷ್ಟರಲ್ಲಿ ಬಹಳಷ್ಟು ಹೆಂಗಸರಲ್ಲಿ ಇದು ಇದ್ದೇ ಇರುತ್ತದೆ, ಹಲವರಿಗೆ ಗೊತ್ತೂ ಆಗುವುದಿಲ್ಲ. ಕೋಶಗಳು ತೀರಾ ದಟ್ಟವಾಗಿದ್ದರೆ ಅದನ್ನು ಸೆಲ್ಯುಲಾರ್ ಲಿಯೋಮಯೋಮಾ ಎನ್ನುತ್ತೇವೆ, ಅದೂ ಸಾಧುವೇ. ಒಳಪೊರೆಗೆ ಆಧಾರವಾಗಿರುವ ಅಂಗಾಂಶದಿಂದ ಹುಟ್ಟುವುದು ಸ್ಟ್ರೋಮಲ್ ಗಡ್ಡೆ. ಇದರಲ್ಲಿ ಒಂದು ಬಗೆ ದುಂಡಗೆ, ಅಂಚು ಮೀರದೆ ಕೂರುತ್ತದೆ. ಅದು ಸ್ಟ್ರೋಮಲ್ ನಾಡ್ಯೂಲ್, ಸಾಧು. ಇನ್ನೊಂದು ಬಗೆ ಅಂಚು ದಾಟಿ ಸ್ನಾಯುವಿನೊಳಗೆ ನಾಲಗೆ ಚಾಚುತ್ತದೆ, ರಕ್ತನಾಳದೊಳಗೂ ಹೋಗುತ್ತದೆ. ಅದು ಸ್ಟ್ರೋಮಲ್ ಸಾರ್ಕೋಮಾ, ಅಂದರೆ ಕ್ಯಾನ್ಸರ್. ಎರಡರ ಕೋಶಗಳೂ ನೋಡಲು ಒಂದೇ. ವ್ಯತ್ಯಾಸವೆಲ್ಲ ಗಡ್ಡೆಯ ಅಂಚಿನಲ್ಲಿದೆ.

ಹಾಗಾಗಿ ನನಗೆ ಈಗ ಬೇಕಾದ ಉತ್ತರಗಳು: ಲ್ಯಾಬಿಗೆ ಹೋದದ್ದು ಇಡೀ ಗರ್ಭಕೋಶವೋ, ಒಂದು ತುಂಡೋ? ಗಡ್ಡೆಯ ಫೋಟೊ ಯಾರಾದರೂ ತೆಗೆದಿದ್ದೀರಾ? ವರದಿಯಲ್ಲಿ ಬ್ಲಾಕ್‌ಗಳು, ಅಂದರೆ ಗಡ್ಡೆಯ ತುಂಡುಗಳನ್ನು ಮೇಣದಲ್ಲಿ ಹುದುಗಿಸಿದ ಅಚ್ಚುಗಳು, ಎಷ್ಟು ಎಂದು ಬರೆದಿದೆ?

ಮುಧೋಳದ ಮೈದುನ

ಸರ್, ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಗಡ್ಡೆಯನ್ನು ಟ್ರೇಯಲ್ಲಿ ಹೊರಗೆ ತಂದು, ಎರಡು ಹೋಳು ಮಾಡಿ ಅಣ್ಣನಿಗೆ ತೋರಿಸಿದರು. ಅಣ್ಣ ಮೊಬೈಲಿನಲ್ಲಿ ಫೋಟೊ ತೆಗೆದಿದ್ದಾನೆ, ಇಲ್ಲಿ ಹಾಕಿದ್ದೇನೆ. ಲ್ಯಾಬಿಗೆ ಇಡೀ ಗರ್ಭಕೋಶ ಹೋಗಿದೆ ಎಂದು ನರ್ಸ್ ಹೇಳುತ್ತಾರೆ. ವರದಿಯಲ್ಲಿ ಗಡ್ಡೆಯಿಂದ ಮೂರು ಬ್ಲಾಕ್ ಎಂದಿದೆ.

ಮಸೂರ

ಫೋಟೊ ನೋಡಿದೆ. ಫೈಬ್ರಾಯ್ಡ್ ಕತ್ತರಿಸಿದರೆ ಮೇಲ್ಮೈ ಬೆಳ್ಳಗೆ, ಗಟ್ಟಿಯಾಗಿ, ಎಳೆಗಳು ಸುರುಳಿ ಸುತ್ತಿದಂತೆ ಉಬ್ಬಿ ನಿಲ್ಲುತ್ತದೆ. ನಿಮ್ಮ ಫೋಟೊದಲ್ಲಿ ಗಡ್ಡೆ ಹಳದಿ ಛಾಯೆಯದು, ಮೆತ್ತಗೆ ಕಾಣುತ್ತದೆ, ಸುರುಳಿ ಇಲ್ಲ. ಬಲಭಾಗದಲ್ಲಿ ಅಂಚು ಎಲ್ಲಿ ಮುಗಿಯಿತು ಎಂದು ಹೇಳಲಾಗದು. ಫೋಟೊ ನೋಡಿ ರೋಗ ನಿರ್ಣಯ ಮಾಡುವುದಿಲ್ಲ, ಮಾಡಲೂಬಾರದು. ಆದರೆ ಇದನ್ನು ಫೈಬ್ರಾಯ್ಡ್ ಎಂದು ಬದಿಗಿಡಲು ನನ್ನ ಮನಸ್ಸು ಒಪ್ಪುತ್ತಿಲ್ಲ.

ಎಂಟು ಸೆಂಟಿಮೀಟರಿನ ಸಂಶಯದ ಗಡ್ಡೆಗೆ ಮೂರು ಬ್ಲಾಕ್ ಸಾಲದು. ಸೆಂಟಿಮೀಟರಿಗೆ ಒಂದರಂತಾದರೂ ತುಂಡು ತೆಗೆಯಬೇಕು, ಅದರಲ್ಲಿ ಹೆಚ್ಚಿನವು ಗಡ್ಡೆ ಮತ್ತು ಸ್ನಾಯು ಸೇರುವ ಅಂಚಿನಿಂದ ಬರಬೇಕು. ಫೈಬ್ರಾಯ್ಡ್ ಎಂಬ ಚೀಟಿ ಹಚ್ಚಿ ಬಂದದ್ದಕ್ಕೆ ಮೊದಲ ಸುತ್ತಿನಲ್ಲಿ ಯಾರೂ ಅಷ್ಟು ತೆಗೆಯುವುದಿಲ್ಲ, ಅದು ಸಹಜ. ಅದಕ್ಕೇ ಹೇಳುತ್ತೇನೆ, ನಾಳೆ ಬೆಳಗ್ಗೆ ಮೊದಲ ಕೆಲಸವಾಗಿ ಆ ಲ್ಯಾಬಿಗೆ ಹೋಗಿ. ಬ್ಲಾಕ್‌ಗಳು ವರ್ಷಗಟ್ಟಲೆ ಇರುತ್ತವೆ, ಓಡಿಹೋಗುವುದಿಲ್ಲ. ಅಂಗಾಂಶ ಕೊಳೆಯದಂತೆ ಕಾಯುವ ಫಾರ್ಮಾಲಿನ್ ದ್ರಾವಣದ ಡಬ್ಬಿಯಲ್ಲಿ ಉಳಿದಿರುವ ಗರ್ಭಕೋಶವನ್ನು ಮಾತ್ರ ವರದಿ ಕೊಟ್ಟ ಕೆಲವು ವಾರಗಳಲ್ಲಿ ವಿಲೇವಾರಿ ಮಾಡಿಬಿಡುತ್ತಾರೆ. ಅದನ್ನು ಎಸೆಯಬೇಡಿ ಎಂದು ಬರವಣಿಗೆಯಲ್ಲಿ ಕೊಡಿ. ಒಮ್ಮೆ ಹೋಯಿತೆಂದರೆ ಅಂಚು ನೋಡುವ ಅವಕಾಶವೂ ಹೋಯಿತು, ಆಮೇಲೆ ಮುಂಬೈಗೆ ಹೋದರೂ ಅವರು ನೋಡುವುದು ಅದೇ ಮೂರು ಬ್ಲಾಕ್‌ಗಳನ್ನು.

ಗೋಕಾಕದ ವೈದ್ಯೆ

ನಾನು ಸ್ತ್ರೀರೋಗ ತಜ್ಞೆ. ಮಸೂರ ಅವರ ಮಾತಿಗೆ ಶಸ್ತ್ರಚಿಕಿತ್ಸೆ ಕೋಣೆಯ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ. ಸಂಬಂಧಿಕರಿಗೆ ಗಡ್ಡೆ ತೋರಿಸುವುದು ನಮ್ಮ ಕಡೆ ಒಂದು ರೂಢಿಯೇ ಆಗಿಬಿಟ್ಟಿದೆ. ತೋರಿಸದಿದ್ದರೆ ತೆಗೆದದ್ದೇ ಸುಳ್ಳು ಎನ್ನುವವರೂ ಇದ್ದಾರೆ. ತೋರಿಸಲಿ, ಆದರೆ ಆಮೇಲೆ ಏನಾಗುತ್ತದೆ ನೋಡಿ. ಗಡ್ಡೆ ಮಧ್ಯಾಹ್ನದವರೆಗೆ ಬರಿಯ ಟ್ರೇಯಲ್ಲಿ ಕೂರುತ್ತದೆ. ಬಳಿಕ ಅದನ್ನು ಮಡಿಸಿ ಚಿಕ್ಕ ಬಾಯಿಯ ಡಬ್ಬಿಗೆ ತುರುಕಿ, ಮೇಲೆ ನಾಲ್ಕು ಚಮಚ ಫಾರ್ಮಾಲಿನ್ ಸುರಿಯುತ್ತಾರೆ. ಅಂಗಾಂಶದ ಹತ್ತು ಪಟ್ಟು ದ್ರಾವಣ ಇರಬೇಕು ಎಂಬುದು ಪುಸ್ತಕದಲ್ಲೇ ಉಳಿಯುತ್ತದೆ. ಫಾರ್ಮಾಲಿನ್ ನಿಧಾನವಾಗಿ ಒಳಗಿಳಿಯುವ ವಸ್ತು. ಹೊರಗೆ ಗಟ್ಟಿಯಾಗಿ, ನಡುವೆ ಕೊಳೆತುಹೋದ ಗಡ್ಡೆಯಲ್ಲಿ ಕೋಶವಿಭಜನೆ ಎಣಿಸುವುದು ಹೇಗೆ?

ಇನ್ನೂ ಕೆಟ್ಟದ್ದು, ಪರೀಕ್ಷೆಗೇ ಕಳುಹಿಸದೆ ಇರುವುದು. ಸಾವಿರ ಚಿಲ್ಲರೆ ಉಳಿಸಲು ಸಂಬಂಧಿಕರೇ ಬೇಡ ಎನ್ನುವುದನ್ನು ಕಂಡಿದ್ದೇನೆ. ಮೂವತ್ತು ನಲವತ್ತು ಸಾವಿರ ಕೊಟ್ಟು ತೆಗೆಸಿದ್ದನ್ನು ಏನೆಂದು ತಿಳಿಯದೆ ಕಸದ ಬುಟ್ಟಿಗೆ ಹಾಕಿಸಿ ಮನೆಗೆ ಹೋಗುತ್ತಾರೆ. ಮೈದುನರೇ, ನಿಮ್ಮ ನರ್ಸಿಂಗ್ ಹೋಮ್ ಕಳುಹಿಸಿತಲ್ಲ, ಅದೇ ದೊಡ್ಡದು.

ಕೃಷ್ಣಾತೀರ

ಜಮಖಂಡಿ ಕಡೆ ಒಬ್ಬರು ಬೇರು ಕೊಡುತ್ತಾರೆ. ಗಡ್ಡೆ ಕರಗಿ ಹೋದ ಎಷ್ಟೋ ಹೆಂಗಸರನ್ನು ನಾನೇ ನೋಡಿದ್ದೇನೆ. ಕೊಯ್ಯಿಸಿ ಈಗ ಪೇಚಾಡುವ ಬದಲು ಮೊದಲೇ ಹೋಗಿದ್ದರೆ ಆಗುತ್ತಿತ್ತು. ಈಗಲಾದರೂ ಉಳಿದ ವಿಷ ಇಳಿಯಲಿ, ಬೇಕಾದರೆ ವಿಳಾಸ ಕೊಡುತ್ತೇನೆ.

ಶಹಾಪುರದ ಅಕ್ಕ

ಕೃಷ್ಣಾತೀರದವರೇ, ಮುಟ್ಟು ನಿಂತ ಮೇಲೆ ಫೈಬ್ರಾಯ್ಡ್ ತಾನಾಗಿಯೇ ಕುಗ್ಗುತ್ತದೆ. ಬೇರು ಕುಡಿದವರದೂ ಕುಗ್ಗುತ್ತದೆ, ಕುಡಿಯದವರದೂ ಕುಗ್ಗುತ್ತದೆ. ಯಾವ ಗಡ್ಡೆಯೆಂದು ಪರೀಕ್ಷಿಸದೆ ಕರಗಿತು ಎನ್ನುವುದರಲ್ಲಿ ಅರ್ಥವಿಲ್ಲ. ವಿಳಾಸ ನಿಮ್ಮಲ್ಲೇ ಇರಲಿ.

ಮೈದುನ ತಮ್ಮಾ, ನಾನು ಬೆಳಗಾವಿಯ ಶಹಾಪುರದವಳು. ನನಗೆ ಬಂದದ್ದು ಇದೇ ಲೋ ಗ್ರೇಡ್, ಅಂದರೆ ಮೆಲ್ಲಗೆ ಬೆಳೆಯುವ, ಸ್ಟ್ರೋಮಲ್ ಸಾರ್ಕೋಮಾ. ಆಗ ನನಗೂ ಫೈಬ್ರಾಯ್ಡ್ ಎಂದೇ ಹೇಳಿದ್ದರು. ಹೆಸರು ಕೇಳಿದ ರಾತ್ರಿ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಬಹಳ ವರ್ಷಗಳಾದವು, ಈಗಲೂ ಮಗ್ಗದ ಲೆಕ್ಕಪತ್ರ ನಾನೇ ನೋಡುತ್ತೇನೆ. ಸಾರ್ಕೋಮಾ ಎಂಬ ಹೆಸರಿನಡಿ ಮೆಲ್ಲಗೆ ನಡೆಯುವವೂ ಇವೆ, ನಾಗಾಲೋಟದಲ್ಲಿ ಓಡುವವೂ ಇವೆ. ಮಸೂರ ಅವರು ಹೇಳಿದಂತೆ ಯಾವುದೆಂದು ಮೊದಲು ಖಚಿತವಾಗಲಿ. ವೈನಿಗೆ ಮಾತ್ರ ಇವತ್ತೇ ಹೇಳಿ. ಹೊಟ್ಟೆ ಅವರದು. ಮುಂದೆ ಅಂಡಾಶಯದ ಮಾತು ಬಂದಾಗ ಅವರೇ ತೀರ್ಮಾನಿಸಬೇಕಾಗುತ್ತದೆ, ಆಗ ಹಿಂದಿನದನ್ನೆಲ್ಲ ಒಟ್ಟಿಗೆ ಹೇಳಿದರೆ ನಿಮ್ಮ ಯಾರ ಮೇಲೂ ಅವರಿಗೆ ನಂಬಿಕೆ ಉಳಿಯುವುದಿಲ್ಲ.

ಮುಧೋಳದ ಮೈದುನ

ಎಲ್ಲರಿಗೂ ಕೃತಜ್ಞತೆ. ಲ್ಯಾಬಿಗೆ ಹೋಗಿ ಬಂದೆ. ಡಬ್ಬಿ ಇನ್ನೂ ಇತ್ತು! ಎಸೆಯಲು ತೆಗೆದಿಟ್ಟ ಸಾಲಿನಲ್ಲಿಯೇ ಇತ್ತು. ಅಲ್ಲಿನ ಪೆಥಾಲಜಿಸ್ಟ್ ಮೇಡಂ ಬಹಳ ಸೌಜನ್ಯದಿಂದ ಮಾತನಾಡಿದರು, ಅಂಚಿನಿಂದ ಇನ್ನಷ್ಟು ತುಂಡುಗಳನ್ನು ತಾವೇ ತೆಗೆದು ಬ್ಲಾಕ್ ಮಾಡಿಕೊಡುತ್ತೇನೆ ಎಂದರು. ಬ್ಲಾಕ್‌ಗಳನ್ನು ಬೆಳಗಾವಿಗೆ ಒಯ್ಯುತ್ತೇನೆ. ಒಯ್ಯುವಾಗ ಏನು ಜಾಗ್ರತೆ ಬೇಕು?

ವೈನಿಗೆ ಅಣ್ಣ ಹೇಳಿದ. ಅವರಿಗೆ ಮೊದಲೇ ಗೊತ್ತಿತ್ತಂತೆ. ನಾವು ಪಿಸುಗುಟ್ಟುವುದನ್ನು ನೋಡಿ ವರದಿಯನ್ನು ಮಗಳ ಕೈಯಲ್ಲಿ ಓದಿಸಿದ್ದರಂತೆ.

ಮಸೂರ

ಬ್ಲಾಕ್ ಎಂದರೆ ಮೇಣ. ಐವತ್ತೈದು ಅರವತ್ತು ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಬಾಗಿಲು ಹಾಕಿದ ಕಾರಿನ ಗಾಜಿನ ಕೆಳಗೆ ಇಟ್ಟು ಊಟಕ್ಕೆ ಹೋದಿರೋ, ಮರಳಿ ಬರುವಷ್ಟರಲ್ಲಿ ಎಲ್ಲ ಒಂದಕ್ಕೊಂದು ಅಂಟಿರುತ್ತವೆ. ಕೈಚೀಲದಲ್ಲಿ, ನೆರಳಿನಲ್ಲಿ ಇರಲಿ. ಸ್ಲೈಡುಗಳನ್ನು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಯೇ ಒಯ್ಯಿರಿ. ಪ್ರತಿ ಬ್ಲಾಕ್ ಮೇಲಿನ ಸಂಖ್ಯೆ ವರದಿಯ ಸಂಖ್ಯೆಗೆ ಹೊಂದುತ್ತದೆಯೇ ಎಂದು ಅಲ್ಲಿಯೇ ನೋಡಿ, ಎಷ್ಟು ಕೊಟ್ಟರು ಎಂಬ ಚೀಟಿ ಪಡೆಯಿರಿ. ಗಡ್ಡೆಯ ಫೋಟೊ, ಸ್ಕ್ಯಾನಿಂಗ್ ವರದಿ, ಶಸ್ತ್ರಚಿಕಿತ್ಸೆಯ ಟಿಪ್ಪಣಿ ಜೊತೆಗಿರಲಿ. ಸ್ಲೈಡ್ ನೋಡುವವರಿಗೆ ಹಿನ್ನೆಲೆ ತಿಳಿಯದಿದ್ದರೆ ಕತ್ತಲಲ್ಲಿ ಕೈಯಾಡಿಸಿದ ಹಾಗೆ.

ಐಎಚ್‌ಸಿ ಎಂದರೆ ಕೋಶದೊಳಗಿನ ಪ್ರೋಟೀನುಗಳಿಗೆ ಬಣ್ಣ ಹಿಡಿಸುವ ಪರೀಕ್ಷೆ. ಡೆಸ್ಮಿನ್, ಕಾಲ್ಡೆಸ್ಮಾನ್ ಬಣ್ಣ ಹಿಡಿದರೆ ಸ್ನಾಯುವಿನ ಕಡೆ ತೂಗುತ್ತದೆ. ಸಿಡಿ10 ಹಿಡಿದು ಅವೆರಡು ಹಿಡಿಯದಿದ್ದರೆ ಸ್ಟ್ರೋಮಾದ ಕಡೆ. ಸಿಡಿ10 ಒಂದನ್ನೇ ನಂಬಬಾರದು, ದಟ್ಟ ಕೋಶಗಳ ಫೈಬ್ರಾಯ್ಡೂ ಅದನ್ನು ಹಿಡಿಯುವುದುಂಟು. ಅಷ್ಟಾದರೂ ತೀರ್ಮಾನವಾಗದಿದ್ದರೆ ವಂಶವಾಹಿ ಪರೀಕ್ಷೆ ಇದೆ. ಲೋ ಗ್ರೇಡ್ ಸ್ಟ್ರೋಮಲ್ ಸಾರ್ಕೋಮಾಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಜೆಎಝಡ್‌ಎಫ್1 ಮತ್ತು ಎಸ್‌ಯುಝಡ್12 ಎಂಬ ಎರಡು ವಂಶವಾಹಿಗಳು ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಎಲ್ಲರಿಗೂ ಅದು ಬೇಕಾಗುವುದಿಲ್ಲ.

ನವನಗರ ನಿವಾಸಿ

ಬಾಗಲಕೋಟೆಯಿಂದ. ಹಣದ ಮಾತು ಯಾರೂ ಎತ್ತಿಲ್ಲ, ನಾನು ಎತ್ತುತ್ತೇನೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30, ಅದೂ 1.5 ಲಕ್ಷದ ಮಿತಿಯೊಳಗೆ. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬರೆಸಿಕೊಳ್ಳಬೇಕು. ಆ ಕಾಗದವಿಲ್ಲದೆ ನೇರವಾಗಿ ಹೋಗಿ ದಾಖಲಾಗಿ, ಆಮೇಲೆ ಕಾರ್ಡ್ ತೋರಿಸಿ ಜಗಳ ಮಾಡುವವರನ್ನು ವಾರಕ್ಕೊಬ್ಬರಂತೆ ನೋಡುತ್ತೇನೆ. ಮೊದಲು ಅಲ್ಲಿನ ಆರೋಗ್ಯಮಿತ್ರರನ್ನು, ಅಂದರೆ ಯೋಜನೆಯ ಸಹಾಯಕರನ್ನು, ಹುಡುಕಿ. ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಕಾರ್ಡನ್ನೂ ಒಮ್ಮೆ ನೋಡಿ.

ಮಿರಜ್, ಸೊಲ್ಲಾಪುರ ಹತ್ತಿರವೇ. ನಮ್ಮ ಅಜ್ಜಂದಿರ ಕಾಲದಿಂದ ಅಲ್ಲಿಗೇ ಹೋಗುವುದು. ಆದರೆ ಗಡಿ ದಾಟಿದರೆ ಯಾವ ಕಾರ್ಡ್ ನಡೆಯುತ್ತದೆ ಎಂದು ಮೊದಲೇ ಫೋನ್ ಮಾಡಿ ಕೇಳಿ. ಶಕ್ತಿ ಯೋಜನೆಯ ಉಚಿತ ಬಸ್ಸೂ ರಾಜ್ಯದೊಳಗೆ ಮಾತ್ರ. ರೈಲಿನಲ್ಲಾದರೆ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ದರ್ಜೆಯ ಎ.ಸಿ.ಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಶೇ 75. ಅದಕ್ಕೆ ಆಸ್ಪತ್ರೆಯ ನಮೂನೆ ಬೇಕು, ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

ಗುಮ್ಮಟದ ನೆರಳು

ನನ್ನದೊಂದು ಪ್ರಶ್ನೆ, ಈ ಸಲ ಜಗಳಕ್ಕಲ್ಲ. ನಮ್ಮ ಅತ್ತೆಗೆ 58. ಮುಟ್ಟು ನಿಂತು ಏಳೆಂಟು ವರ್ಷ. ಹಳೆಯ ಫೈಬ್ರಾಯ್ಡ್ ಇತ್ತು, ಸುಮ್ಮನಿತ್ತು. ಈಗ ದೊಡ್ಡದಾಗಿದೆ ಎನ್ನುತ್ತಿದ್ದಾರೆ. ಒಳಪೊರೆಯ ತುಣುಕು ತೆಗೆದು ಪರೀಕ್ಷೆ ಮಾಡಿದರು, ಏನೂ ಇಲ್ಲ ಎಂದು ಬಂತು. ಹೊಟ್ಟೆಯೊಳಗೆ ನೋಡುವ ದೂರದರ್ಶಕ (ಲ್ಯಾಪರೊಸ್ಕೋಪ್) ಬಳಸಿ, ಸಣ್ಣ ತೂತು ಮಾಡಿ ಗಡ್ಡೆಯನ್ನು ಪುಡಿ ಮಾಡಿ ತೆಗೆಯುತ್ತೇವೆ, ಮರುದಿನವೇ ಮನೆಗೆ ಹೋಗಬಹುದು ಎಂದಿದ್ದಾರೆ. ಒಪ್ಪಬಹುದೇ?

ಗೋಕಾಕದ ವೈದ್ಯೆ

ಪುಡಿ ಮಾಡಿ ತೆಗೆಯಲು ಒಪ್ಪಬೇಡಿ. ಮುಟ್ಟು ನಿಂತ ಮೇಲೆ ಹಾರ್ಮೋನ್ ಮಾತ್ರೆಯೂ ಇಲ್ಲದೆ ಬೆಳೆಯುವ ಗಡ್ಡೆಯನ್ನು, ಅಲ್ಲವೆಂದು ಸಾಬೀತಾಗುವವರೆಗೆ ಸಂಶಯದಿಂದಲೇ ನೋಡಬೇಕು. ನಾವು ಹೆದರುವುದು ಲಿಯೋಮಯೋಸಾರ್ಕೋಮಾಕ್ಕೆ. ಅದು ಸ್ನಾಯುವಿನ ಕ್ಯಾನ್ಸರ್, ಶಹಾಪುರದ ಅಕ್ಕನವರು ಓಡುವುದು ಎಂದರಲ್ಲ, ಅಂಥದ್ದು. ಅಪರೂಪ, ಆದರೆ ಕ್ರೂರ. ಗೋಡೆಯ ಆಳದಲ್ಲಿ ಕೂರುವುದರಿಂದ ಒಳಪೊರೆಯ ತುಣುಕಿನಲ್ಲಿ ಎಷ್ಟೋ ಸಲ ಸಿಕ್ಕುವುದಿಲ್ಲ. ಏನೂ ಇಲ್ಲ ಎಂದು ಬಂದ ಆ ವರದಿ ಒಳಪೊರೆಯ ಮಟ್ಟಿಗೆ ನಿಜ, ಗಡ್ಡೆಯ ಬಗ್ಗೆ ಅದು ಹೆಚ್ಚೇನೂ ಹೇಳುವುದಿಲ್ಲ.

ಗಡ್ಡೆ ಪುಡಿ ಮಾಡುವ ಯಂತ್ರಕ್ಕೆ ಮಾರ್ಸಲೇಟರ್ ಎನ್ನುತ್ತಾರೆ. ಒಳಗೆ ಸಾರ್ಕೋಮಾ ಇದ್ದರೆ ಅದು ಹೊಟ್ಟೆಯ ತುಂಬ ಬೀಜ ಬಿತ್ತಿದಂತೆಯೇ. 2014ರಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ವಿರುದ್ಧ ಎಚ್ಚರಿಕೆ ಕೊಟ್ಟಿತು. ಫೈಬ್ರಾಯ್ಡ್ ಎಂದು ಶಸ್ತ್ರಚಿಕಿತ್ಸೆಗೆ ಬಂದ ಸುಮಾರು 350 ಮಂದಿಯಲ್ಲಿ ಒಬ್ಬರಿಗೆ ಗೊತ್ತಿಲ್ಲದ ಸಾರ್ಕೋಮಾ ಇರುತ್ತದೆ ಎಂಬುದು ಆಗಿನ ಅಂದಾಜು. ಬಳಿಕ ಬಂದ ಅಂದಾಜುಗಳು ಅದಕ್ಕಿಂತ ಕಡಿಮೆಯೇ ಇವೆ, ಆ ಲೆಕ್ಕದ ಬಗ್ಗೆ ವೈದ್ಯರಲ್ಲಿ ಇಂದಿಗೂ ವಾದವಿದೆ. ಚಿಕ್ಕ ವಯಸ್ಸಿನವರಿಗೆ, ಸಂಶಯವಿಲ್ಲದ ಗಡ್ಡೆಗೆ, ಚೀಲದೊಳಗೆ ಇಟ್ಟು ತುಂಡು ಮಾಡುವುದನ್ನು ನಾನು ವಿರೋಧಿಸುವುದಿಲ್ಲ. 58ರ ಅತ್ತೆಯವರದು ಆ ಲೆಕ್ಕವಲ್ಲ.

ಮೊದಲು ಎಂಆರ್‌ಐ ಮಾಡಿಸಿ, ಡಿಫ್ಯೂಷನ್ ಚಿತ್ರಗಳೂ ಇರಲಿ ಎಂದು ಬರೆಸಿ. ರಕ್ತದಲ್ಲಿ ಎಲ್‌ಡಿಎಚ್ ಎಂಬ ಕಿಣ್ವವನ್ನು ನೋಡಬಹುದು, ಸಂಶಯಕ್ಕೆ ಒಂದಿಷ್ಟು ತೂಕ ಕೊಡುತ್ತದೆ, ತೀರ್ಪು ಕೊಡುವುದಿಲ್ಲ. ಸಂಶಯ ಉಳಿದರೆ ಕ್ಯಾನ್ಸರ್ ಶಸ್ತ್ರಚಿಕಿತ್ಸಕರ ಕೈಯಲ್ಲಿ ಗರ್ಭಕೋಶ ಇಡಿಯಾಗಿ, ಒಡೆಯದೆ ಹೊರಬರಲಿ. ಹೊಟ್ಟೆಯ ಮೇಲಿನ ದೊಡ್ಡ ಗಾಯ ಒಂದೂವರೆ ತಿಂಗಳಲ್ಲಿ ಮಾಯುತ್ತದೆ.

ಮಸೂರ

ವೈದ್ಯೆಯವರ ಮಾತಿಗೆ ಲ್ಯಾಬಿನ ಕಡೆಯಿಂದ ಸೇರಿಸುವುದಿಷ್ಟು. ಲಿಯೋಮಯೋಸಾರ್ಕೋಮಾ ಎಂದು ಹೇಳಲು ನಾವು ಮೂರು ಸಂಗತಿ ನೋಡುತ್ತೇವೆ: ಕೋಶಗಳ ವಿಕಾರ, ಗಡ್ಡೆಯ ಕೋಶಗಳೇ ಸತ್ತುಬಿದ್ದ ಪ್ರದೇಶಗಳು, ಕೋಶವಿಭಜನೆಯ ಎಣಿಕೆ. ಸೂಕ್ಷ್ಮದರ್ಶಕದ ಹೆಚ್ಚಿನ ವರ್ಧನೆಯ ಹತ್ತು ಕ್ಷೇತ್ರಗಳಲ್ಲಿ ವಿಭಜನೆಗಳು ಹತ್ತು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ತೂಗುತ್ತದೆ. 1994ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಒಟ್ಟುಗೂಡಿಸಿದ ಲೆಕ್ಕ ಇದು. ಪೂರ್ತಿ ಆ ಕಡೆಯೂ ಅಲ್ಲದ, ಈ ಕಡೆಯೂ ಅಲ್ಲದ ಗಡ್ಡೆಗಳಿಗೆ ಸ್ಟಂಪ್ ಎಂಬ ಹೆಸರಿದೆ. ಅಂಥವರನ್ನು ವರ್ಷಗಟ್ಟಲೆ ನೋಡುತ್ತಿರಬೇಕಾಗುತ್ತದೆ. ವರದಿಯಲ್ಲಿ ಸ್ಟಂಪ್ ಎಂದು ಕಂಡರೆ ಇನ್ನೊಬ್ಬರಿಂದ ಸ್ಲೈಡ್ ಓದಿಸದೆ ಬಿಡಬೇಡಿ.

ಗುಮ್ಮಟದ ನೆರಳು

ಅದು ಸಾರ್ಕೋಮಾ ಎಂದೇ ಆದರೆ?

ಗೋಕಾಕದ ವೈದ್ಯೆ

ಎದೆಯ ಸಿ.ಟಿ. ಮಾಡಿಸಬೇಕು, ಇದು ರಕ್ತದ ಮೂಲಕ ಶ್ವಾಸಕೋಶಕ್ಕೆ ಹೋಗುವ ಜಾತಿ. ಗರ್ಭಕೋಶದೊಳಗೇ ಇದ್ದು ಪೂರ್ತಿ ತೆಗೆದಿದ್ದರೆ, ಮೇಲೆ ಕಿಮೊಥೆರಪಿ ಕೊಡುವುದರಿಂದ ಆಯುಷ್ಯ ಹೆಚ್ಚುತ್ತದೆ ಎಂದು ಸಾಬೀತಾಗಿಲ್ಲ. ಅದನ್ನು ಪರೀಕ್ಷಿಸಲು ಹೊರಟ ಅಂತರರಾಷ್ಟ್ರೀಯ ಪ್ರಯೋಗವೊಂದು ಸಾಕಷ್ಟು ರೋಗಿಗಳು ಸಿಗದೆ ಅರ್ಧಕ್ಕೇ ನಿಂತಿತು. ಅಪರೂಪದ ಕಾಯಿಲೆಯ ಪಾಡೇ ಅದು. ವಿಕಿರಣ ಕೊಟ್ಟರೂ ಆಯುಷ್ಯ ಹೆಚ್ಚಿದ್ದು ಕಂಡಿಲ್ಲ. ಹರಡಿದ್ದರೆ ಡಾಕ್ಸೊರುಬಿಸಿನ್, ಜೆಮ್ಸಿಟಾಬಿನ್ ಜೊತೆ ಡೋಸಿಟಾಕ್ಸೆಲ್ ಎಂಬ ಕಿಮೊ ಔಷಧಗಳಿವೆ. ಇತ್ತೀಚೆಗೆ ಡಾಕ್ಸೊರುಬಿಸಿನ್ ಜೊತೆ ಟ್ರಾಬೆಕ್ಟೆಡಿನ್ ಸೇರಿಸಿದಾಗ ಫಲ ಚೆನ್ನಾಗಿ ಬಂದಿದೆ, ಬೆಲೆ ಮಾತ್ರ ನಮ್ಮವರ ಕೈಗೆ ಎಟುಕುವಂಥದ್ದಲ್ಲ. ಆದರೆ ಇದೆಲ್ಲ ಆಮೇಲಿನ ಮಾತು. ಮೊದಲು ಎಂಆರ್‌ಐ.

ಇಳಕಲ್ ಸೆರಗು

ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿ. ಈ ಚರ್ಚೆ ಓದಿದ ಮೂವರು ಹೆಂಗಸರು ನಿನ್ನೆ ಬಂದು, ಗಡ್ಡೆ ಸಣ್ಣದಿರುವಾಗಲೇ ಗರ್ಭಕೋಶ ತೆಗೆಸಿಬಿಡುತ್ತೇವೆ ಎಂದು ಕುಳಿತರು. ನೀವೆಲ್ಲ ಅಪರೂಪ ಎಂಬ ಪದವನ್ನು ಇನ್ನಷ್ಟು ದಪ್ಪ ಅಕ್ಷರದಲ್ಲಿ ಬರೆಯಬೇಕು. ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರ ಗರ್ಭಕೋಶಗಳನ್ನು ಬೇಕಾಬಿಟ್ಟಿ ತೆಗೆದದ್ದು 2019ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಆಗ ಹೆದರಿಸಲು ಬಳಸಿದ ಮಾತೂ ಕ್ಯಾನ್ಸರ್ ಎಂಬುದೇ. ನಮ್ಮ ಭಾಗದಲ್ಲೂ ಕಬ್ಬಿನ ಗ್ಯಾಂಗುಗಳಿವೆ, ನಮ್ಮಲ್ಲೂ ಮೂವತ್ತರ ಹರೆಯದಲ್ಲೇ ತೆಗೆಸಿಕೊಂಡವರಿದ್ದಾರೆ.

ಇನ್ನೊಂದು ಅಪರೂಪದ್ದನ್ನು ಇಲ್ಲಿ ಯಾರೂ ಹೇಳಲಿಲ್ಲ. ಬಸಿರಿನಿಂದಲೇ ಹುಟ್ಟುವ ಗಡ್ಡೆ. ಹೊಟ್ಟೆ ತಿಂಗಳಿಗೆ ಮೀರಿ ಬೆಳೆಯುತ್ತದೆ, ವಾಂತಿ ವಿಪರೀತ, ಸ್ಕ್ಯಾನಿನಲ್ಲಿ ಮಗು ಇರುವುದಿಲ್ಲ, ದ್ರಾಕ್ಷಿ ಗೊಂಚಲಿನಂಥ ಗುಳ್ಳೆಗಳಿರುತ್ತವೆ. ಅದಕ್ಕೆ ಮೋಲಾರ್ ಬಸಿರು ಎನ್ನುತ್ತಾರೆ. ಸ್ವಚ್ಛ ಮಾಡಿಸಿದ ಮೇಲೆ ಮುಗಿಯಿತೆಂದು ಹುಡುಗಿಯರು ತವರಿಗೆ ಹೋಗಿಬಿಡುತ್ತಾರೆ. ಮುಗಿದಿರುವುದಿಲ್ಲ. ರಕ್ತದಲ್ಲಿ ಬಸಿರಿನ ಹಾರ್ಮೋನಾದ ಎಚ್‌ಸಿಜಿ ವಾರವಾರವೂ ಇಳಿಯುತ್ತಾ ಬಂದು ಸಹಜವಾಗಬೇಕು, ಆಮೇಲೂ ಕೆಲವು ತಿಂಗಳು ನೋಡಬೇಕು, ಅಲ್ಲಿಯವರೆಗೆ ಇನ್ನೊಂದು ಬಸಿರು ನಿಲ್ಲಬಾರದು. ಇಳಿಯದೆ ಏರಿದರೆ ಅದು ಕ್ಯಾನ್ಸರಿನ ದಾರಿ ಹಿಡಿದಿದೆ ಎಂದರ್ಥ. ಆದರೂ ಇದರಷ್ಟು ಔಷಧಕ್ಕೆ ಬಗ್ಗುವ ಕ್ಯಾನ್ಸರ್ ಕಡಿಮೆ. ಅಪಾಯ ಕಡಿಮೆಯಿರುವ ಹಂತದಲ್ಲಿ ಮೆಥೊಟ್ರೆಕ್ಸೇಟ್‌ನಂಥ ಔಷಧಕ್ಕೆ ಹೆಚ್ಚುಕಡಿಮೆ ಎಲ್ಲರೂ ಗುಣವಾಗುತ್ತಾರೆ, ಗರ್ಭಕೋಶವನ್ನೂ ಉಳಿಸಬಹುದು. ಹೆರಿಗೆ ಅಥವಾ ಗರ್ಭಪಾತವಾಗಿ ತಿಂಗಳುಗಳಾದರೂ ರಕ್ತ ನಿಲ್ಲದಿದ್ದರೆ ಮೂತ್ರದ ಬಸಿರು ಪರೀಕ್ಷೆಯನ್ನಾದರೂ ಮಾಡಿ ನೋಡಿ, ಅದಕ್ಕೆ ಬಹಳ ಖರ್ಚೂ ಇಲ್ಲ.

ಮುಧೋಳದ ಮೈದುನ

ಮರುಪರಿಶೀಲನೆಯ ವರದಿ ಬಂತು. ಲೋ ಗ್ರೇಡ್ ಎಂಡೊಮೆಟ್ರಿಯಲ್ ಸ್ಟ್ರೋಮಲ್ ಸಾರ್ಕೋಮಾ ಎಂದು ಖಚಿತವಾಗಿದೆ. ಹೊಸದಾಗಿ ತೆಗೆದ ಅಂಚಿನ ತುಂಡುಗಳಲ್ಲಿಯೇ ಅದು ಸ್ನಾಯುವಿನೊಳಗೆ ನುಗ್ಗಿರುವುದು ಕಂಡಿತಂತೆ. ಹಳೆಯ ಮೂರು ಬ್ಲಾಕ್‌ಗಳಲ್ಲಿ ಅದು ಇರಲಿಲ್ಲ. ಸಿಡಿ10 ಪಾಸಿಟಿವ್, ಡೆಸ್ಮಿನ್ ಮತ್ತು ಕಾಲ್ಡೆಸ್ಮಾನ್ ನೆಗೆಟಿವ್, ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟೆರಾನ್ ಹಾರ್ಮೋನುಗಳನ್ನು ಹಿಡಿಯುವ ಎರಡೂ ಗ್ರಾಹಕಗಳು (ರಿಸೆಪ್ಟರ್) ಪಾಸಿಟಿವ್. ಎದೆ, ಹೊಟ್ಟೆಯ ಸಿ.ಟಿ.ಯಲ್ಲಿ ಬೇರೆಲ್ಲೂ ಇಲ್ಲ. ಗರ್ಭಕೋಶಕ್ಕೇ ಸೀಮಿತ, ಐದು ಸೆಂಟಿಮೀಟರಿಗಿಂತ ದೊಡ್ಡದು, ಹಾಗಾಗಿ ಒಂದನೇ ಹಂತದ ಬಿ ಎಂದರು. ಟ್ಯೂಮರ್ ಬೋರ್ಡಿನಲ್ಲಿ (ಕ್ಯಾನ್ಸರ್ ತಜ್ಞರ ಸಭೆಯಲ್ಲಿ) ಇಟ್ಟು ಚರ್ಚಿಸಿ, ಅಂಡಾಶಯಗಳನ್ನೂ ತೆಗೆಸುವುದು ಒಳ್ಳೆಯದು ಎಂದಿದ್ದಾರೆ. ಕಿಮೊ ಬೇಡವಂತೆ.

ವೈನಿ ಒಪ್ಪುತ್ತಿಲ್ಲ. ಹೊಟ್ಟೆಯ ಗಾಯ ಈಗಷ್ಟೇ ಮಾಯ್ದಿದೆ, ಇಲ್ಲದ ರೋಗಕ್ಕೆ ಮತ್ತೆ ಯಾಕೆ ಕೊಯ್ಯಬೇಕು ಎನ್ನುತ್ತಾರೆ. ನನಗೂ ಉತ್ತರ ತಿಳಿಯದು.

ಶಹಾಪುರದ ಅಕ್ಕ

ವೈನಿಯವರ ಪ್ರಶ್ನೆ ಸರಿಯಾಗಿಯೇ ಇದೆ. ನಾನೂ ಇದನ್ನೇ ಕೇಳಿದ್ದೆ. ನನಗೆ ತಿಳಿಸಿದ್ದು ಹೀಗೆ: ಈ ಗಡ್ಡೆಗೆ ಈಸ್ಟ್ರೊಜೆನ್ ಎಂದರೆ ಊಟ. ಅಂಡಾಶಯಗಳು ಇದ್ದಷ್ಟು ದಿನ ಅದು ಸಿಗುತ್ತಿರುತ್ತದೆ. ಎಲ್ಲಾದರೂ ಕಣ್ಣಿಗೆ ಕಾಣದ ನಾಲ್ಕು ಕೋಶ ಉಳಿದಿದ್ದರೆ ಅವು ಎದ್ದು ಕೂರಬಹುದು. ಒಂದನೇ ಹಂತದಲ್ಲಿ ಸಿಕ್ಕವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಐದು ವರ್ಷ ದಾಟುತ್ತಾರೆ, ಅದು ಸಮಾಧಾನದ ಮಾತು. ಆದರೆ ಇದರ ಮರುಕಳಿಕೆ ಹತ್ತು, ಹದಿನೈದು, ಕೆಲವರಿಗೆ ಇಪ್ಪತ್ತು ವರ್ಷವಾದ ಮೇಲೂ ಬರುವುದುಂಟು. ನಾನು ತೆಗೆಸಿದೆ. ಮೈ ಬಿಸಿ ಏರುವುದು, ನಿದ್ದೆ ಕೆಡುವುದು, ಕಾರಣವಿಲ್ಲದೆ ಸೊಸೆಯ ಮೇಲೆ ರೇಗುವುದು ಎಲ್ಲ ಆಯಿತು. ಒಂದು ವರ್ಷ ಕಷ್ಟವೇ. ಅದನ್ನು ಮುಚ್ಚಿಟ್ಟು ಹೇಳಬಾರದು.

ಗೋಕಾಕದ ವೈದ್ಯೆ

ತಕ್ಷಣವೇ ತೀರ್ಮಾನಿಸಬೇಕಾದ ತುರ್ತು ಇಲ್ಲ, ನಿಧಾನವಾಗಿ ನಡೆಯುವ ರೋಗ ಇದು. ಕೆಲವು ವಾರ ಯೋಚಿಸಲಿ. ಅಂಡಾಶಯಗಳನ್ನು ಈಗ ದೂರದರ್ಶಕದಲ್ಲಿಯೇ ತೆಗೆಯಬಹುದು, ಹಳೆಯ ಗಾಯವನ್ನು ಮತ್ತೆ ಬಿಚ್ಚಬೇಕಾಗಿ ಬರುವುದು ಕಡಿಮೆ. ಇದನ್ನು ವೈನಿಯವರಿಗೆ ಯಾರೂ ಹೇಳಿರಲಿಕ್ಕಿಲ್ಲ. ತೀರಾ ಚಿಕ್ಕ ವಯಸ್ಸಿನವರಿಗೆ ಅಂಡಾಶಯ ಉಳಿಸಿ ಕಾಯ್ದು ನೋಡಿದ ಉದಾಹರಣೆಗಳಿವೆ, ಆದರೆ ಮರುಕಳಿಕೆ ಹೆಚ್ಚು. 44ಕ್ಕೆ ನಾನಾದರೆ ತೆಗೆಸಿ ಎನ್ನುತ್ತೇನೆ.

ತೆಗೆಸಿದ ಮೇಲೆ ಒಂದು ವಿಷಯ ಫೈಲಿನ ಮೇಲೆಯೇ ಬರೆದಿಡಿ: ಈಸ್ಟ್ರೊಜೆನ್ ಮಾತ್ರೆ ಬೇಡ, ಸ್ತನ ಕ್ಯಾನ್ಸರಿಗೆ ಕೊಡುವ ಟಮಾಕ್ಸಿಫೆನ್ ಮಾತ್ರೆಯೂ ಬೇಡ. ಮೈ ಬಿಸಿಯೇರುತ್ತದೆ ಎಂದು ಬೇರೆ ಯಾರ ಹತ್ತಿರವೋ ಹೋದರೆ ಅವರು ಮೊದಲು ಬರೆಯುವುದು ಈಸ್ಟ್ರೊಜೆನ್ನನ್ನೇ.

ಮುಧೋಳದ ಮೈದುನ

ವೈನಿಗೆ ಇದನ್ನೆಲ್ಲ ನಾನೇ ಓದಿ ಹೇಳಿದೆ. ಸಣ್ಣ ತೂತಿನಲ್ಲಿ ಆಗುತ್ತದೆ ಎಂದಾಗ ಮುಖ ಸ್ವಲ್ಪ ತಿಳಿಯಾಯಿತು. ಮಗಳ ಪರೀಕ್ಷೆ ಮುಗಿದ ಮೇಲೆ ಮಾಡಿಸಿಕೊಳ್ಳುತ್ತೇನೆ ಎಂದರು. ಅವರದೇ ಎರಡು ಪ್ರಶ್ನೆಗಳು. ಮುಂದೆ ಮಾತ್ರೆ ನುಂಗಬೇಕೇ? ಹೊಲದ ಕೆಲಸ ಮಾಡಬಹುದೇ?

ಗುಮ್ಮಟದವರೇ, ನಿಮ್ಮ ಅತ್ತೆಯವರ ಎಂಆರ್‌ಐ ಆಯಿತೇ?

ಗೋಕಾಕದ ವೈದ್ಯೆ

ಒಂದನೇ ಹಂತದಲ್ಲಿ ಅಂಡಾಶಯಗಳನ್ನೂ ತೆಗೆದರೆ ಸಾಮಾನ್ಯವಾಗಿ ಬರಿಯ ತಪಾಸಣೆ ಸಾಕು. ಮುಂದುವರಿದ ಹಂತವಿದ್ದರೆ ಅಥವಾ ಮರುಕಳಿಸಿದರೆ ಈಸ್ಟ್ರೊಜೆನ್ ತಗ್ಗಿಸುವ ಲೆಟ್ರೊಜೋಲ್‌ನಂಥ ಮಾತ್ರೆ ಕೊಡುತ್ತಾರೆ. ಬೇಗ ಮುಟ್ಟು ನಿಲ್ಲುವುದರಿಂದ ಮೂಳೆ ಸವೆಯುತ್ತದೆ, ಕ್ಯಾಲ್ಸಿಯಂ, ವಿಟಮಿನ್ ಡಿ ಬೇಕು, ಮೂಳೆಯ ಸಾಂದ್ರತೆಯ ಪರೀಕ್ಷೆ ಮಾಡಿಸಿ. ಗಾಯ ಪೂರ್ತಿ ಗಟ್ಟಿಯಾದ ಮೇಲೆ ಹೊಲದ ಕೆಲಸ ಧಾರಾಳವಾಗಿ ಮಾಡಲಿ, ಮೂಳೆಗೂ ಒಳ್ಳೆಯದು.

ಗುಮ್ಮಟದ ನೆರಳು

ಎಂಆರ್‌ಐ ಸೋಮವಾರ. ಪುಡಿ ಮಾಡುವುದಕ್ಕೆ ಬೇಡ ಎಂದು ಹೇಳಿ ಬಂದೆ. ಅಲ್ಲಿಯವರು ಮುಖ ಸಿಂಡರಿಸಿದರು, ಇರಲಿ. ಮಸೂರ ಅವರೇ, ಗಡ್ಡೆ ತೆಗೆಯುವ ದಿನ ನಾನು ದೊಡ್ಡ ಬಾಯಿಯ ಡಬ್ಬಿ ತೆಗೆದುಕೊಂಡು ಹೋದರೆ ಬೈಯುತ್ತಾರೆಯೇ?

ಮಸೂರ

ಬೈದರೆ ನನ್ನ ಹೆಸರು ಹೇಳಿ. ಐದು ಲೀಟರಿನದು, ಮುಚ್ಚಳ ಬಿಗಿಯಾಗಿರುವುದು ಆಗಲಿ. ಫಾರ್ಮಾಲಿನ್ ಅವರೇ ಹಾಕಲಿ, ನೀವು ಮುಟ್ಟಬೇಡಿ, ಕಣ್ಣು ಉರಿಯುತ್ತದೆ. ಅತ್ತೆಯವರ ಹೆಸರು, ವಯಸ್ಸು, ದಿನಾಂಕವನ್ನು ಮುಚ್ಚಳದ ಮೇಲಲ್ಲ, ಡಬ್ಬಿಯ ಮೈಮೇಲೆ ಬರೆಯಿರಿ. ಲ್ಯಾಬಿನಲ್ಲಿ ಮುಚ್ಚಳಗಳು ಅದಲು ಬದಲಾಗುತ್ತವೆ.